ತಡವಾಗಿ ಬಂದ ಅರಿಯರ್ಸ್: ಭಾವನ ಜೊತೆ ನಾಲ್ಕು ದಿನ

ಭಾವ ಅಟ್ಲಾಂಟಾಕ್ಕೆ ಬಂದು ಎರಡು ತಿಂಗಳಾಗಿತ್ತು. ಅಕ್ವೇರಿಯಂ ಆಯಿತು, ಕೋಕಾಕೋಲಾ ಮ್ಯೂಸಿಯಂ ಆಯಿತು, ಮೂರು ಮಾಲ್, ಎರಡು ದೇವಸ್ಥಾನ ಆಯಿತು. ಒಂದು ಸಂಜೆ ಕಾಫಿ ಲೋಟ ಕೆಳಗಿಡುತ್ತಾ, "ಮಿಲಿಟರಿಯವರದ್ದು ಅಂತ ನೋಡೋ ಜಾಗ ಏನೂ ಇಲ್ವೇನಯ್ಯಾ ಇಲ್ಲಿ?" ಎಂದು ಕೇಳಿದರು.

ಭಾವ ಸೇನೆಯ ಎಂಜಿನಿಯರ್ ಪಡೆಯಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇಪ್ಪತ್ನಾಲ್ಕು ವರ್ಷ ಇದ್ದು ಹವಾಲ್ದಾರ್ ಆಗಿ ರಿಟೈರ್ ಆದವರು. ಆಮೇಲೆ ಆರು ವರ್ಷ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ. ಈಗ ಅರಸೀಕೆರೆ ಹತ್ತಿರ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಅವರ ಪೆನ್ಷನ್ ಅರಿಯರ್ಸ್, ಅಂದರೆ ಬರಬೇಕಿದ್ದ ಬಾಕಿ ಹಣ, ಒಂದು ಕಚೇರಿಯ ಫೈಲಿನಲ್ಲಿ ಸಿಕ್ಕಿಕೊಂಡು ಒಂಬತ್ತು ವರ್ಷ ಅಲೆದಾಡಿಸಿತ್ತು. ಕೊನೆಗೆ ಬಂತು. ಅಕ್ಕ ಆ ದುಡ್ಡಲ್ಲಿ ಬೋರ್‌ವೆಲ್ ಹಾಕಿಸಿದಳು. ನೀರೂ ಬಂತು. ಭಾವನ ಸಿಟ್ಟು ಮಾತ್ರ ಇಳಿದಿಲ್ಲ.

ಅಮೆರಿಕದ ಕಪ್ಪು ಸೈನಿಕರ ಕಥೆ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ಶತ್ರುವಿನ ಜೊತೆ ಒಂದು ಯುದ್ಧ, ತಮ್ಮದೇ ಸೇನೆ ಮತ್ತು ಊರಿನ ಜೊತೆ ಇನ್ನೊಂದು ಯುದ್ಧ ಮಾಡಿದವರು. ನಾಲ್ಕು ದಿನ ರಜೆ ಹಾಕಿದೆ. ಅಕ್ಕನಿಗೆ ಮಂಡಿ ನೋವು, ಬರುವುದಿಲ್ಲ ಎಂದಳು. ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟಳು.

ಮೊದಲ ದಿನ, ಬುಧವಾರ

ಅಟ್ಲಾಂಟಾದಿಂದ ದಕ್ಷಿಣಕ್ಕೆ ನೂರು ಮೈಲಿ ಹೋದರೆ ವಾರ್ನರ್ ರಾಬಿನ್ಸ್. ಅಲ್ಲಿ ವಾಯುಪಡೆಯ ನೆಲೆಗೆ ಅಂಟಿಕೊಂಡಂತೆ ಮ್ಯೂಸಿಯಂ ಆಫ್ ಏವಿಯೇಷನ್ ಇದೆ. ಪ್ರವೇಶ ಪುಕ್ಕಟೆ. ಹೊರಗೆ ಬಿಸಿಲಲ್ಲೇ ದೊಡ್ಡ ದೊಡ್ಡ ವಿಮಾನಗಳನ್ನು ನಿಲ್ಲಿಸಿದ್ದಾರೆ. ಭಾವನಿಗೆ ಅದನ್ನೆಲ್ಲ ಸುತ್ತಿ ಬರುವುದಕ್ಕೇ ಎರಡು ಗಂಟೆ ಬೇಕಾಯಿತು. ಆದರೆ ನಾನು ಕರೆದುಕೊಂಡು ಹೋಗಿದ್ದು ಒಂದು ಕಂಚಿನ ಪ್ರತಿಮೆ ತೋರಿಸಲು.

ಯೂಜಿನ್ ಬುಲರ್ಡ್. ಇದೇ ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ 1895ರಲ್ಲಿ ಹುಟ್ಟಿದವನು. ಅಪ್ಪನನ್ನು ಕೊಲ್ಲಲು ಬಿಳಿಯರ ಗುಂಪು ಬಾಗಿಲಿಗೇ ಬಂದಿದ್ದನ್ನು ಕಂಡ ಹುಡುಗ ಮನೆ ಬಿಟ್ಟು ಓಡಿದ. ಫ್ರಾನ್ಸಿನಲ್ಲಿ ಕಪ್ಪು ಜನರನ್ನು ಮನುಷ್ಯರ ಹಾಗೆ ನೋಡುತ್ತಾರೆ ಎಂದು ಅಪ್ಪ ಹೇಳಿದ್ದು ತಲೆಯಲ್ಲಿ ಕೂತಿತ್ತು. 1912ರಲ್ಲಿ ಹಡಗಿನಲ್ಲಿ ಕದ್ದು ಕೂತು ಸ್ಕಾಟ್ಲೆಂಡ್ ಸೇರಿದ. ಬಾಕ್ಸಿಂಗ್ ಮಾಡಿಕೊಂಡು ಪ್ಯಾರಿಸ್ ತಲುಪಿದ. 1914ರಲ್ಲಿ ಯುದ್ಧ ಶುರುವಾದಾಗ ಫ್ರೆಂಚ್ ಸೇನೆಗೆ ಸೇರಿ, ಫ್ರಾನ್ಸಿನ ವೆರ್ಡನ್‌ನಲ್ಲಿ ಗಾಯಗೊಂಡ. ಕಾಲಾಳಾಗಿ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದಾಗ ಪೈಲಟ್ ಆಗುತ್ತೇನೆ ಎಂದ. ಆಗಲ್ಲ ಎಂದು ಗೆಳೆಯನೊಬ್ಬ ಪಂದ್ಯ ಕಟ್ಟಿದ್ದನಂತೆ, ಸೋತ. 1917ರಲ್ಲಿ ಬುಲರ್ಡ್ ಆಕಾಶಕ್ಕೆ ಏರಿದ. ಅಂಗಿಯೊಳಗೆ ಜಿಮ್ಮಿ ಎಂಬ ಸಾಕಿದ ಕೋತಿಯನ್ನು ಇಟ್ಟುಕೊಂಡು ಹಾರುತ್ತಿದ್ದ. ಕೋತಿ ವಿಷಯ ಕೇಳಿ ಭಾವ ಜೋರಾಗಿ ನಕ್ಕರು.

ಅದೇ ವರ್ಷ ಅಮೆರಿಕ ಯುದ್ಧಕ್ಕೆ ಇಳಿಯಿತು. ಫ್ರಾನ್ಸಿಗಾಗಿ ಹಾರುತ್ತಿದ್ದ ಅಮೆರಿಕನ್ ಪೈಲಟ್‌ಗಳನ್ನು ತನ್ನ ಪಡೆಗೆ ಕರೆದುಕೊಂಡಿತು. ಬುಲರ್ಡ್‌ನನ್ನು ಕರೆಯಲಿಲ್ಲ. ಕಾರಣ ಏನು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

1940ರಲ್ಲಿ ಜರ್ಮನರು ಫ್ರಾನ್ಸಿಗೆ ನುಗ್ಗಿದಾಗ ಮತ್ತೆ ಗಾಯಗೊಂಡು ನ್ಯೂಯಾರ್ಕಿಗೆ ಬಂದ. ಅಲ್ಲಿ ಅವನಿಗೆ ಕೊನೆಗೆ ಸಿಕ್ಕಿದ್ದು ರಾಕ್‌ಫೆಲ್ಲರ್ ಸೆಂಟರಿನಲ್ಲಿ ಲಿಫ್ಟ್ ನಡೆಸುವ ಕೆಲಸ. 1954ರಲ್ಲಿ ಫ್ರಾನ್ಸ್ ಅವನನ್ನು ಪ್ಯಾರಿಸ್ಸಿಗೆ ಕರೆಸಿ, ಅಜ್ಞಾತ ಸೈನಿಕನ ಸಮಾಧಿಯ ಜ್ಯೋತಿ ಬೆಳಗಿಸಿತು. ವಾಪಸ್ ಬಂದು ಮತ್ತೆ ಅದೇ ಲಿಫ್ಟ್. 1959ರಲ್ಲಿ ಅದೇ ಕಟ್ಟಡದಲ್ಲಿದ್ದ ಟಿವಿ ಸ್ಟುಡಿಯೋದವರು ಅವನನ್ನು ಮಾತಾಡಿಸಿದರು. ಲಿಫ್ಟ್‌ಮ್ಯಾನ್ ಯೂನಿಫಾರ್ಮಿನಲ್ಲೇ ಹೋಗಿ ಕೂತ. ದಿನಾ ಅವನ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದವರಿಗೆ ಆಗಲೇ ತಿಳಿದಿದ್ದು ಇವನು ಯಾರು ಅಂತ.

ಇಲ್ಲಿಗೆ ಬಂದಾಗ ಭಾವ ನಗುವುದು ನಿಲ್ಲಿಸಿದ್ದರು. ಪ್ರತಿಮೆಯ ಬೂಟಿನ ಮೇಲಿದ್ದ ಧೂಳನ್ನು ಕರವಸ್ತ್ರದಿಂದ ಒರೆಸುತ್ತಾ, "ಗೇಟಲ್ಲಿ ನಿಂತವನ ಎದೆ ಮೇಲೆ ಮೆಡಲ್ ಇರಲ್ವಲ್ಲಯ್ಯಾ" ಎಂದರು. ಆರು ವರ್ಷದ ಅಪಾರ್ಟ್‌ಮೆಂಟ್ ಕೆಲಸದ ಬಗ್ಗೆ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಬುಲರ್ಡ್ 1961ರಲ್ಲಿ ತೀರಿಕೊಂಡ. ಅಮೆರಿಕದ ವಾಯುಪಡೆ ಅವನಿಗೆ ಸೆಕೆಂಡ್ ಲೆಫ್ಟಿನೆಂಟ್ ಪದವಿ ಕೊಟ್ಟಿದ್ದು 1994ರಲ್ಲಿ. ಈ ಪ್ರತಿಮೆ ನಿಂತಿದ್ದು 2019ರಲ್ಲಿ. ಭಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಸತ್ತು ಮೂವತ್ಮೂರು ವರ್ಷಕ್ಕೆ ಅರಿಯರ್ಸ್" ಎಂದರು. ಆಮೇಲೆ ನಾಲ್ಕೂ ದಿನ ಆ ಪದ ನಮ್ಮ ಜೊತೆಗೇ ಕಾರಿನಲ್ಲಿ ಕೂತಿತ್ತು.

ರಾತ್ರಿ ಕೊಲಂಬಸ್‌ನಲ್ಲಿ ತಂಗಿದೆವು. ದಾರಿಯುದ್ದಕ್ಕೂ ಹತ್ತಿ ಹೊಲ, ಅಕ್ಟೋಬರ್ ಬೇರೆ, ಒಡೆದು ಬೆಳ್ಳಗೆ ನಿಂತಿತ್ತು. ಮೋಟೆಲಿನ ಎಸಿ ರಾತ್ರಿಯೆಲ್ಲ ಹಳೇ ಹಿಟ್ಟಿನ ಗಿರಣಿ ಹಾಗೆ ಶಬ್ದ ಮಾಡಿತು.

ಎರಡನೇ ದಿನ, ಗುರುವಾರ

ಕೊಲಂಬಸ್‌ನಲ್ಲಿ ಚಾಟಹೂಚಿ ನದಿ ದಾಟಿದರೆ ಅಲಬಾಮಾ. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ನನಗೆ ಅದು ಮರೆತೇ ಹೋಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಟಸ್ಕೀಗಿ ಊರಿನ ಹಳೇ ವಿಮಾನ ನೆಲೆ ಮೋಟನ್ ಫೀಲ್ಡ್ ಮುಂದೆ ನಿಂತರೆ, ಅಲ್ಲಿಯ ಲೆಕ್ಕದಲ್ಲಿ ಇನ್ನೂ ಎಂಟು. ಬೀಗ. ಭಾವ ಏನೂ ಅನ್ನಲಿಲ್ಲ, ಚಪಾತಿ ಡಬ್ಬಿ ಬಿಚ್ಚಿದರು.

ಕಾರು ನಿಲ್ಲಿಸುವ ಜಾಗ ಎತ್ತರದಲ್ಲಿದೆ. ಅಲ್ಲಿಂದ ಕೆಳಗೆ ನೋಡಿದರೆ ವಿಮಾನ ನಿಲ್ಲಿಸುವ ಎರಡು ಹ್ಯಾಂಗರ್, ಹುಲ್ಲು ಬಯಲು, ಅದರಾಚೆ ಮರಗಳು. ಇಷ್ಟೇನಾ ಅನ್ನಿಸುತ್ತದೆ. ಎರಡನೇ ಮಹಾಯುದ್ಧದ ಕಪ್ಪು ವಾಯುಸೈನಿಕರಾದ ಟಸ್ಕೀಗಿ ಏರ್‌ಮೆನ್ ಮೊದಲ ಪಾಠ ಕಲಿತಿದ್ದು ಇಲ್ಲಿ. 1941ರಿಂದ 1946ರವರೆಗೆ ಸುಮಾರು ಒಂದು ಸಾವಿರ ಕಪ್ಪು ಪೈಲಟ್‌ಗಳು ಈ ಊರಿನಲ್ಲಿ ತಯಾರಾದರು.

ಅದಕ್ಕೂ ಮೊದಲು ಸೇನೆಯ ನಂಬಿಕೆ ಏನಿತ್ತು ಅಂತ ತಿಳಿಯಬೇಕು. 1925ರಲ್ಲಿ ಆರ್ಮಿ ವಾರ್ ಕಾಲೇಜಿನವರು ಒಂದು ವರದಿ ಬರೆದಿದ್ದರು. ಕಪ್ಪು ಜನರಿಗೆ ಬುದ್ಧಿ ಕಮ್ಮಿ, ಧೈರ್ಯ ಕಮ್ಮಿ, ಮುಂದಾಳತ್ವ ಆಗದು ಎಂದು ಅದರಲ್ಲಿತ್ತು. ವಿಜ್ಞಾನದ ವೇಷ ಹಾಕಿದ ಬೈಗುಳ, ಅಷ್ಟೇ. ಆದರೆ ಅದರ ಮೇಲೆಯೇ ವರ್ಷಗಟ್ಟಲೆ ನೇಮಕಾತಿ ನಡೆಯಿತು. ಟಸ್ಕೀಗಿಯನ್ನು ಸೇನೆಯವರು 'ಪ್ರಯೋಗ' ಎಂದೇ ಕರೆದರು. ಸೋಲುತ್ತೆ ಅಂತ ಕಾಯುತ್ತಿದ್ದವರೇ ಜಾಸ್ತಿ.

ಒಂದನೇ ಹ್ಯಾಂಗರ್ ಒಳಗೆ ಹಳದಿ ರೆಕ್ಕೆಯ ತರಬೇತಿ ವಿಮಾನ. ಸ್ಪೀಕರಿನಲ್ಲಿ ಎಂಜಿನ್ ಸದ್ದು, ಜನ ಮಾತಾಡುವ ಸದ್ದು. ಒಂದು ಬದಿಗೆ ಸಲಕರಣೆಗಳ ಕೋಣೆ, ಇನ್ನೊಂದು ಕಡೆ ಪ್ಯಾರಾಚೂಟ್ ಮಡಿಸುವ ಜಾಗ. ಭಾವ ಪೈಲಟ್‌ಗಳ ಫೋಟೋ ಬಿಟ್ಟು ಸ್ಪ್ಯಾನರ್‌ಗಳ ಮುಂದೆ ನಿಂತರು. ಸ್ಯಾಪರ್ ಬುದ್ಧಿ. ಟಸ್ಕೀಗಿ ಏರ್‌ಮೆನ್ ಅಂದರೆ ಬರೀ ಪೈಲಟ್‌ಗಳಲ್ಲ; ಮೆಕ್ಯಾನಿಕ್‌ಗಳು, ಪ್ಯಾರಾಚೂಟ್ ಮಡಿಸಿದವರು, ನರ್ಸ್‌ಗಳು, ಅಡುಗೆಯವರು ಎಲ್ಲರೂ ಸೇರುತ್ತಾರೆ. ಅದನ್ನು ಓದಿ ಭಾವನಿಗೆ ಬಹಳ ಸಮಾಧಾನ. "ಒಂದು ಬೋಲ್ಟ್ ಸಡಿಲ ಬಿಟ್ಟಿದ್ರೆ ಮೇಲಿರೋನು ಕೆಳಗೆ. ಇವರ ಹೆಸರೂ ಬರ್ದವ್ರಲ್ಲ, ಸರಿಯಾಯ್ತು" ಎಂದರು.

ಇಲ್ಲಿ ಎಲ್ಲರೂ 'ಚೀಫ್' ಎಂದು ಕರೆಯುತ್ತಿದ್ದ ಮೇಷ್ಟ್ರು ಒಬ್ಬರಿದ್ದರು, ಚಾರ್ಲ್ಸ್ ಆಲ್ಫ್ರೆಡ್ ಆಂಡರ್ಸನ್. ಕಪ್ಪು ಹುಡುಗನಿಗೆ ಯಾರೂ ವಿಮಾನ ಕಲಿಸಲು ಒಪ್ಪದಿದ್ದಾಗ ಸಾಲ ಮಾಡಿ ಸ್ವಂತ ವಿಮಾನ ಕೊಂಡು ಕಲಿತವರು. ಸೈಕಲ್ ಕಲಿಯಲು ಸೈಕಲ್ಲೇ ಕೊಂಡ ಹಾಗೆ! 1941ರ ಮಾರ್ಚ್‌ನಲ್ಲಿ ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಟಸ್ಕೀಗಿಗೆ ಬಂದರು. ನಿಮ್ಮವರು ವಿಮಾನ ಹಾರಿಸಬಲ್ಲರೇ ಎಂಬ ಮಾತು ಬಂದಾಗ ಕಾವಲಿನವರು ಬೇಡ ಬೇಡ ಎಂದರೂ ಕೇಳದೆ ಎಲೀನರ್ ಹೋಗಿ ಚೀಫ್ ವಿಮಾನದ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಸುಮಾರು ನಲವತ್ತು ನಿಮಿಷ ಸುತ್ತಿ ಬಂದರು. ಆ ಫೋಟೋ ದೇಶವೆಲ್ಲ ಓಡಾಡಿತು. ನನಗಂತೂ ಆ ಫೋಟೋದಲ್ಲಿ ಅವರಿಗಿಂತ ಚೀಫ್ ಮುಖವೇ ಇಷ್ಟ. ಏನೂ ಸಾಬೀತು ಮಾಡಬೇಕಾಗಿಲ್ಲ ಅನ್ನುವವರ ನಗು.

ಮೊದಲ ತಂಡದಲ್ಲಿ ಹದಿಮೂರು ಜನ ಸೇರಿದರು. 1942ರ ಮಾರ್ಚ್ 7ರಂದು ಪೈಲಟ್ ಆದವರಿಗೆ ಕೊಡುವ ರೆಕ್ಕೆ ಬ್ಯಾಡ್ಜ್ ಸಿಕ್ಕಿದ್ದು ಐದು ಜನಕ್ಕೆ. ಅವರಲ್ಲೊಬ್ಬರು ಬೆಂಜಮಿನ್ ಓ. ಡೇವಿಸ್ ಜೂನಿಯರ್. ಅವರ ಕಥೆ ಬರೆದ ಫಲಕದ ಮುಂದೆ ಭಾವ ನನ್ನನ್ನು ನಿಲ್ಲಿಸಿ ಎರಡು ಸಲ ಓದಿಸಿ ಅರ್ಥ ಹೇಳಿಸಿಕೊಂಡರು.

ಡೇವಿಸ್ 1932ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಸೇರಿದರು. ನಾಲ್ಕು ವರ್ಷ ಅಲ್ಲಿ ಯಾವ ಕೆಡೆಟ್ಟೂ ಡ್ಯೂಟಿ ಮಾತು ಬಿಟ್ಟು ಅವರ ಜೊತೆ ಮಾತಾಡಲಿಲ್ಲ. ರೂಮ್‌ಮೇಟ್ ಇಲ್ಲ. ಮೆಸ್‌ನಲ್ಲಿ ಜೊತೆಗೆ ಕೂರುವವರಿಲ್ಲ. ಬಿಟ್ಟು ಹೋಗಲಿ ಅಂತಲೇ ಹಾಗೆ ಮಾಡಿದ್ದು. ಅವರು ಬಿಡಲಿಲ್ಲ. 1936ರಲ್ಲಿ 276 ಜನರಲ್ಲಿ 35ನೆಯವರಾಗಿ ಪಾಸಾದರು.

"ಬಹಿಷ್ಕಾರ" ಎಂದರು ಭಾವ.

ಇಂಗ್ಲಿಷಿನಲ್ಲಿ ಅದಕ್ಕೆ 'ಸೈಲೆನ್ಸಿಂಗ್' ಎಂಬ ನಾಜೂಕಾದ ಪದ ಇದೆ. ನಮ್ಮ ಪದವೇ ಸರಿ. ನಮ್ಮೂರ ಹೋಟೆಲಿನಲ್ಲಿ ಕೆಲವರಿಗೆ ಅಂತಲೇ ಹೊರಗೆ ಗೂಡಲ್ಲಿ ಬೇರೆ ಲೋಟ ಇಡುತ್ತಿದ್ದುದು ಇಬ್ಬರಿಗೂ ನೆನಪಾಯಿತು. ನಾವಿಬ್ಬರೂ ಒಳಗಿನ ಲೋಟದಲ್ಲಿ ಕುಡಿದು ಬೆಳೆದವರು. ಅದರ ಬಗ್ಗೆ ಹೆಚ್ಚಿಗೆ ಮಾತಾಡಲಿಲ್ಲ.

ಎರಡನೇ ಹ್ಯಾಂಗರಿನಲ್ಲಿ ಕೆಂಪು ಬಾಲದ ಮಸ್ಟಾಂಗ್ ವಿಮಾನದ ಮಾದರಿ ಮೇಲೆ ತೂಗುತ್ತದೆ. ಡೇವಿಸ್ ಮುಂದಾಳತ್ವದ 332ನೇ ಫೈಟರ್ ಗ್ರೂಪ್ ವಿಮಾನಗಳ ಬಾಲಕ್ಕೆ ಕೆಂಪು ಬಳಿಯುತ್ತಿದ್ದರು. ಇಟಲಿಯಿಂದ ಹಾರಿ, ಜರ್ಮನಿ ಮೇಲೆ ಬಾಂಬು ಹಾಕಲು ಹೋಗುವ ದೊಡ್ಡ ವಿಮಾನಗಳಿಗೆ ಕಾವಲು ಕೊಡುವುದು ಕೆಲಸ. 1945ರ ಮಾರ್ಚ್ 24ರಂದು ಬರ್ಲಿನ್‌ವರೆಗೆ ಹೋಗಿ ಬಂದರು, ಹೋಗಿಬರಲು 1,600 ಮೈಲಿ. ಅವತ್ತು ಜರ್ಮನರ ಮೂರು ಜೆಟ್ ವಿಮಾನ ಹೊಡೆದು ಉರುಳಿಸಿದರು. ತಾವು ಹಾರಿಸುತ್ತಿದ್ದುದು ಪ್ರೊಪೆಲ್ಲರ್ ವಿಮಾನ. ಒಟ್ಟು ಆಕಾಶದಲ್ಲಿ ಕೆಡವಿದ ಶತ್ರು ವಿಮಾನ 112.

ಇವರು ಕಾವಲಿಗಿದ್ದಾಗ ಒಂದೇ ಒಂದು ಬಾಂಬರ್ ಕೂಡ ಶತ್ರುವಿಗೆ ಬಲಿಯಾಗಲಿಲ್ಲ ಎಂದು ದಶಕಗಟ್ಟಲೆ ಹೇಳುತ್ತಿದ್ದರು. ವಾಯುಪಡೆಯ ಇತಿಹಾಸಕಾರರು ದಾಖಲೆ ತೆಗೆದು ನೋಡಿದಾಗ ಸುಮಾರು 27 ಬಾಂಬರ್ ಹೋಗಿದ್ದು ಗೊತ್ತಾಯಿತು. ಅದೇ ಕೆಲಸ ಮಾಡುತ್ತಿದ್ದ ಬೇರೆ ಗ್ರೂಪ್‌ಗಳು ಸರಾಸರಿ 46 ಕಳೆದುಕೊಂಡಿದ್ದವು. ಸೊನ್ನೆ ಅನ್ನುವುದು ಕಥೆ, 27 ಅನ್ನುವುದು ಕೆಲಸ. ನನಗೆ 27ರ ಮೇಲೆಯೇ ಗೌರವ ಜಾಸ್ತಿ.

"ಇದೇ 1942ರಲ್ಲೇ ಅಲ್ವಾ ನಮ್ಮ ಕಾರ್ಯಪ್ಪನವರಿಗೆ ಬೆಟಾಲಿಯನ್ ಕೊಟ್ಟಿದ್ದು?" ಎಂದು ಭಾವ ಕೇಳಿದರು. ಹೌದು. ಒಂದು ಬೆಟಾಲಿಯನ್ನಿನ ಕಮಾಂಡ್ ಪಡೆದ ಮೊದಲ ಭಾರತೀಯ ನಮ್ಮ ಕೊಡಗಿನ ಕಾರ್ಯಪ್ಪ. ಇಂಡಿಯಾದವರು ಕಮಾಂಡ್ ಮಾಡಬಲ್ಲರೇ ಎಂಬ ಅನುಮಾನ ಬ್ರಿಟಿಷರಿಗೂ ಇತ್ತು. ಭಾವನಿಗೆ ಸೇನೆಯ ತಾರೀಖುಗಳು ಪಂಚಾಂಗದ ಹಾಗೆ ಬಾಯಿಗೆ ಬರುತ್ತವೆ.

ಇಷ್ಟೆಲ್ಲ ಮಾಡಿದವರಿಗೆ ಮನೆಯಲ್ಲಿ ಏನು ಸಿಕ್ಕಿತು? 1945ರ ಏಪ್ರಿಲ್‌ನಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್ ನೆಲೆಯಲ್ಲಿ ಕಪ್ಪು ಆಫೀಸರ್‌ಗಳು ಬಿಳಿಯರ ಆಫೀಸರ್ಸ್ ಕ್ಲಬ್ಬಿಗೆ ಕಾಲಿಟ್ಟರು. ಪ್ರತ್ಯೇಕ ಕ್ಲಬ್ ಒಪ್ಪುತ್ತೇವೆ ಎಂದು ಸಹಿ ಹಾಕಿ ಎಂದರು. 101 ಜನ ಹಾಕಲಿಲ್ಲ. ಅಷ್ಟೂ ಜನರನ್ನು ಬಂಧಿಸಿದರು. ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದ ರೋಜರ್ ಟೆರಿ ಹೆಸರಿನ ಕಳಂಕ ಅಳಿಸಿದ್ದು 1995ರಲ್ಲಿ. ಎಲ್ಲ ಟಸ್ಕೀಗಿ ಏರ್‌ಮೆನ್‌ಗಳಿಗೆ ಸೇರಿಸಿ ಅಮೆರಿಕದ ಸಂಸತ್ತು ಚಿನ್ನದ ಪದಕ ಕೊಟ್ಟಿದ್ದು 2007ರಲ್ಲಿ. ಭಾವನ ಬೆರಳು ಮತ್ತೆ ಮಡಚಿದವು.

ಸಂಜೆ ಹೊರಡುವ ಮುಂಚೆ ಊರಿನ ಮಾಜಿ ಸೈನಿಕರ ಆಸ್ಪತ್ರೆಯ ಮುಂದೆ ನಿಧಾನಕ್ಕೆ ಕಾರು ಓಡಿಸಿದೆ. ಒಳಗೆ ಹೋಗಲಿಲ್ಲ. ಮೊದಲನೇ ಮಹಾಯುದ್ಧದಿಂದ ಬಂದ ಕಪ್ಪು ಸೈನಿಕರಿಗೆ ದಕ್ಷಿಣದ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ. ಅವರಿಗೆಂದೇ ಇದನ್ನು 1923ರ ಫೆಬ್ರವರಿ 12ರಂದು, ಲಿಂಕನ್ ಹುಟ್ಟಿದ ದಿನ, ತೆರೆದರು. ಜಾಗ ಕೊಟ್ಟಿದ್ದು ಟಸ್ಕೀಗಿ ವಿದ್ಯಾಸಂಸ್ಥೆ. ಆದರೆ ಡಾಕ್ಟರ್‌ಗಳು ಬಿಳಿಯರೇ ಇರಬೇಕು ಎಂದು ಊರ ಬಿಳಿಯರು ಹಟ ಹಿಡಿದರು. ಸಂಸ್ಥೆಯ ಮುಖ್ಯಸ್ಥ ರಾಬರ್ಟ್ ಮೋಟನ್ ಕಪ್ಪು ಡಾಕ್ಟರ್‌ಗಳೇ ಬೇಕೆಂದರು. ಜುಲೈನಲ್ಲಿ ಕಪ್ಪು ಜನರನ್ನು ಹೆದರಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್‌ನವರು ಮುಸುಕು ಹಾಕಿ ಇದೇ ರಸ್ತೆಗಳಲ್ಲಿ ಮೆರವಣಿಗೆ ಮಾಡಿದರು. ಮೋಟನ್ ಬಗ್ಗಲಿಲ್ಲ. ಮುಂದಿನ ವರ್ಷ ಆಸ್ಪತ್ರೆ ಕಪ್ಪು ಡಾಕ್ಟರ್‌ಗಳ ಕೈಗೆ ಬಂತು. ವಿಮಾನ ನೆಲೆಗೆ ಹೆಸರು ಬಂದಿದ್ದು ಈ ಮೋಟನ್‌ನಿಂದಲೇ.

ಫೆಬ್ರವರಿ 12 ನೆನಪಿಟ್ಟುಕೊಳ್ಳಿ.

ಮೂರನೇ ದಿನ, ಶುಕ್ರವಾರ

ಟಸ್ಕೀಗಿಯಿಂದ ಮಾಂಟ್ಗಮರಿಗೆ ನಲವತ್ತು ಮೈಲಿ. ಬಿಳಿಯರ ಗುಂಪುಗಳ ಕೈಯಲ್ಲಿ ಕೊಲೆಯಾದ ಕಪ್ಪು ಜನರ ಸ್ಮಾರಕ ಇಲ್ಲಿದೆ, 2018ರಲ್ಲಿ ತೆರೆದಿದ್ದು. ಎಂಟುನೂರಕ್ಕೂ ಹೆಚ್ಚು ತುಕ್ಕು ಬಣ್ಣದ ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಒಂದೊಂದು. ಮೊದಲು ಕಣ್ಣಳತೆಯಲ್ಲಿರುತ್ತವೆ. ನಡೆಯುತ್ತಾ ನೆಲ ಇಳಿಯುತ್ತದೆ, ಕಂಬಗಳು ತಲೆ ಮೇಲೆ ತೂಗತೊಡಗುತ್ತವೆ. ನನಗೆ ಅರ್ಧದಲ್ಲೇ ಕತ್ತು ನೋವು ಬಂತು, ನಾಚಿಕೆಯೂ ಆಯಿತು.

ಕೊಲೆಯಾದವರಲ್ಲಿ ಸೈನಿಕರೂ ಇದ್ದರು. ಯೂನಿಫಾರ್ಮ್ ಹಾಕಿಕೊಂಡು ಊರಿಗೆ ಬಂದಿದ್ದೇ ಕೆಲವು ಕಡೆ ತಪ್ಪಾಗಿತ್ತು. ಅದೇ ದಕ್ಷಿಣದಲ್ಲಿ ಎರಡನೇ ಯುದ್ಧದ ಹೊತ್ತಿಗೆ, ಜರ್ಮನ್ ಯುದ್ಧಕೈದಿಗಳು ಹೋಟೆಲಿನಲ್ಲಿ ಕೂತು ತಿನ್ನುತ್ತಿದ್ದರೆ ಅವರನ್ನು ಹಿಡಿದವರ ಪಡೆಯ ಕಪ್ಪು ಸೈನಿಕ ಹಿಂಬಾಗಿಲಲ್ಲಿ ನಿಲ್ಲಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಭಾವನಿಗೆ ಇನ್ನೊಂದು ಲೆಕ್ಕ ಹೇಳಿದೆ. ಯುದ್ಧ ಮುಗಿದ ಮೇಲೆ ಸೈನಿಕರಿಗೆ ಮನೆ, ಜಮೀನು, ವ್ಯಾಪಾರಕ್ಕೆ ಸರ್ಕಾರದ ಗ್ಯಾರಂಟಿಯಲ್ಲಿ ಸಾಲ ಕೊಡುವ ಕಾನೂನು ಬಂತು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ಹದಿಮೂರು ಊರುಗಳಲ್ಲಿ ಅಂಥ 3,229 ಸಾಲ ಕೊಟ್ಟರು. ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಪರ್ಸೆಂಟ್ ಅಲ್ಲ, ಎರಡು.

"ಕಾನೂನಲ್ಲಿ ಕಪ್ಪು ಜನಕ್ಕೆ ಬೇಡ ಅಂತ ಬರ್ದಿತ್ತಾ?"

"ಇಲ್ಲ ಭಾವ. ಸಾಲ ಕೊಡೋದು ಊರಿನ ಬ್ಯಾಂಕಿನ ಕೈಲಿತ್ತು."

ಅವರು ತಲೆಯಾಡಿಸಿದರು. ಮೇಲಿನಿಂದ ಆರ್ಡರ್ ಬಂದರೂ ಟೇಬಲ್ ಹಿಂದೆ ಕೂತವನು ಏನು ಮಾಡಬಲ್ಲ ಅಂತ ಒಂಬತ್ತು ವರ್ಷ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾತ್ರಿಗೆ ಅಟ್ಲಾಂಟಾ ಮನೆ. ಈ ಸಲ ನದಿ ದಾಟುವಾಗ ಒಂದು ಗಂಟೆ ಕಳೆದುಕೊಂಡೆವು.

ನಾಲ್ಕನೇ ದಿನ, ಶನಿವಾರ

ಸಾಕಾಗಿತ್ತು. ಆದರೆ ಒಂದು ಜಾಗ ಬಾಕಿ ಇತ್ತು. ಅಕ್ಕ ಈ ದಿನವೂ ಬರಲಿಲ್ಲ, ಬೆಳಿಗ್ಗೆ ಉಪ್ಪಿಟ್ಟು ಕೊಟ್ಟು ಕಳಿಸಿದಳು. ಪೂರ್ವಕ್ಕೆ ಮೂರು ಗಂಟೆ ದಾರಿ. ಅಗಸ್ಟಾ ದಾಟಿ ಸೌತ್ ಕರೊಲಿನಾದ ಬೇಟ್ಸ್‌ಬರ್ಗ್.

1946ರ ಫೆಬ್ರವರಿ 12. ಅಗಸ್ಟಾ ಹತ್ತಿರದ ಕ್ಯಾಂಪ್ ಗಾರ್ಡನ್‌ನಲ್ಲಿ ಸಾರ್ಜೆಂಟ್ ಐಸಾಕ್ ವುಡರ್ಡ್‌ಗೆ ಸೇನೆಯಿಂದ ಗೌರವದ ಬಿಡುಗಡೆ ಆಯಿತು. 26 ವರ್ಷ. ಪೆಸಿಫಿಕ್ ಕಡೆ ಯುದ್ಧ ಮುಗಿಸಿ ಬಂದವನು. ಯೂನಿಫಾರ್ಮಿನಲ್ಲೇ ಬಸ್ ಹತ್ತಿದ, ಹೆಂಡತಿಯನ್ನು ನೋಡಲು. ದಾರಿಯಲ್ಲಿ ಮೂತ್ರಕ್ಕೆ ಹೋಗಲು ನಿಲ್ಲಿಸಿ ಎಂದು ಡ್ರೈವರನ್ನು ಕೇಳಿದ. ಡ್ರೈವರ್ ಬೈದ. ನಾನೂ ನಿನ್ನ ಹಾಗೆ ಮನುಷ್ಯನೇ ಎನ್ನುವ ಅರ್ಥದ ಮಾತನ್ನು ವುಡರ್ಡ್ ತಿರುಗಿಸಿ ಕೊಟ್ಟ. ಬೇಟ್ಸ್‌ಬರ್ಗ್ ಬಂದಾಗ ಡ್ರೈವರ್ ಪೊಲೀಸರನ್ನು ಕರೆದ.

ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ದೊಣ್ಣೆಯಿಂದ ಕಣ್ಣಿಗೇ ಹೊಡೆದ. ಎರಡೂ ಕಣ್ಣು ಹೋದವು. ಮರುದಿನ ಬೆಳಿಗ್ಗೆ ಕುರುಡನನ್ನು ಕೋರ್ಟಿಗೆ ನಡೆಸಿಕೊಂಡು ಹೋಗಿ, ಕುಡಿದು ಗಲಾಟೆ ಮಾಡಿದ ಎಂದು ಐವತ್ತು ಡಾಲರ್ ದಂಡ ಹಾಕಿದರು.

ಆ ವರ್ಷದ ನವೆಂಬರ್‌ನಲ್ಲಿ ಶಲ್ ಮೇಲೆ ಕೇಸು ನಡೆಯಿತು. ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಊರವರ ಗುಂಪು ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಅರ್ಧ ಗಂಟೆಯೊಳಗೆ ನಿರ್ದೋಷಿ ಎಂದರು. ಆದರೆ ಆ ಕೋರ್ಟಿನಲ್ಲಿ ಕೂತಿದ್ದ ಜಡ್ಜ್ ವೇಟೀಸ್ ವೇರಿಂಗ್ ಹಳೇ ಬಿಳಿ ಮನೆತನದವರು. ಈ ಕೇಸು ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡಿತು. 1951ರಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರೆ ಬೇರೆ ಶಾಲೆಗೆ ಕಳಿಸುವುದೇ ಅಸಮಾನತೆ ಎಂದು ಒಬ್ಬರೇ ಭಿನ್ನ ತೀರ್ಪು ಬರೆದರು. ವುಡರ್ಡ್ ಸುದ್ದಿ ಅಧ್ಯಕ್ಷ ಟ್ರೂಮನ್‌ರನ್ನೂ ಅಲ್ಲಾಡಿಸಿತು. ಅವರೂ ಒಂದನೇ ಯುದ್ಧದ ಸೈನಿಕ. 1948ರ ಜುಲೈ 26ರಂದು, ಸೇನೆಯಲ್ಲಿ ಬಣ್ಣ ನೋಡದೆ ಎಲ್ಲರಿಗೂ ಸಮಾನ ಅವಕಾಶ ಎಂದು ಆದೇಶ ಹೊರಡಿಸಿದರು.

ಊರು ಚಿಕ್ಕದು. ಶನಿವಾರದ ಮಧ್ಯಾಹ್ನ ರಸ್ತೆಯಲ್ಲಿ ಜನವೇ ಇಲ್ಲ. ವುಡರ್ಡ್ ನೆನಪಿನ ಫಲಕ ರಸ್ತೆ ಬದಿಯಲ್ಲಿದೆ, ನಮ್ಮ ಕಡೆ ಮೈಲಿಗಲ್ಲು ದಾಟಿಹೋಗುವ ಹಾಗೆ ದಾಟಿಹೋಗಬಹುದು. 2019ರಲ್ಲಿ ನೆಟ್ಟಿದ್ದು. ಅದಕ್ಕೆ ಹಿಂದಿನ ವರ್ಷ ಇದೇ ಊರು ಆ ಐವತ್ತು ಡಾಲರಿನ ಶಿಕ್ಷೆಯನ್ನು ರದ್ದು ಮಾಡಿತ್ತು. ವುಡರ್ಡ್ ಅಷ್ಟರಲ್ಲಿ ತೀರಿಕೊಂಡು 26 ವರ್ಷವಾಗಿತ್ತು.

ಮೇಲಿನ ಸಾಲುಗಳನ್ನು ಭಾವನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೆಳಗಿನ ಭಾಗಕ್ಕೆ ಬಂದಾಗ ಅಲ್ಲಿ ಅಕ್ಷರ ಇರಲಿಲ್ಲ. ಬರೀ ಚುಕ್ಕಿಗಳು. ಬ್ರೈಲ್.

ಭಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬಗ್ಗಿ, ಕಣ್ಣು ಮುಚ್ಚಿ, ಬಲಗೈಯ ಎರಡು ಬೆರಳನ್ನು ಎಡದಿಂದ ಬಲಕ್ಕೆ ಎಳೆದರು. ಬಿಸಿಲಿಗೆ ಲೋಹ ಕಾದಿತ್ತು. ಒಂದು ಸಾಲಾಯಿತು. ಕೆಳಗಿನ ಸಾಲಿಗೆ ಬೆರಳು ಇಳಿಸಿದರು.

"ಏನ್ ಬರ್ದಿದೆ ಅಂತ ಗೊತ್ತಾಗಲ್ಲ ಕಣಯ್ಯಾ" ಎಂದರು. ಆದರೂ ಕೊನೆಯವರೆಗೂ ಓದಿದರು. ಆಮೇಲೆ, "ಸಾರ್ಜೆಂಟ್ ಅಂದ್ರೆ ನಮ್ಮಲ್ಲಿ ಹವಾಲ್ದಾರ್" ಎಂದರು.

ಅಷ್ಟು ಹೊತ್ತಿಗೆ ಅಕ್ಕನ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಎಲ್ಲಿದ್ದೀರಿ?"

"ಒಬ್ರು ಹವಾಲ್ದಾರನ್ನ ನೋಡೋಕೆ ಬಂದಿದ್ವಿ" ಎಂದರು ಭಾವ.

"ಸಿಕ್ಕಿದ್ರಾ?"

"ಇಲ್ಲ. ನಾವು ಬರೋದು ತಡ ಆಯ್ತು."

"ಅಯ್ಯೋ, ಫೋನ್ ಮಾಡ್ಕೊಂಡು ಹೋಗ್ಬಾರ್ದಾ? ರಾತ್ರಿಗೆ ಏನ್ ಮಾಡ್ಲಿ?"

ಭಾವ ಕನ್ನಡಕ ಹಾಕಿಕೊಂಡು ನನ್ನ ಕಡೆ ನೋಡಿದರು. "ಮುದ್ದೆ ಮಾಡು" ಎಂದರು.